‘ಸರ್, ನೀವು ಹೂಂ ಅಂದ್ರೆ ಕೊಡ್ತೀನಿ’

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಹೈಸ್ಕೂಲೊಂದರಲ್ಲಿ ದೈಹಿಕ ಶಿಕ್ಷಕ. ಸಂಜೆ ಹನ್ನೆರಡು ಮಕ್ಕಳಿಗೆ ಓಟ ಕಲಿಸುತ್ತೇನೆ. ಹದಿನೈದರ ಹುಡುಗನೊಬ್ಬನ 400 ಮೀಟರ್ ಟೈಮಿಂಗ್ ಆರು ತಿಂಗಳಿಂದ ಅಲ್ಲೇ ನಿಂತಿದೆ. ಜಿಮ್‌ನವರ ಮಾತು ಕೇಳಿ ಅವರಪ್ಪ ಪೌಡರ್ ಡಬ್ಬಿ ತಂದಿದ್ದಾರೆ. ‘ಸರ್, ನೀವು ಹೂಂ ಅಂದ್ರೆ ಕೊಡ್ತೀನಿ’ ಅಂತಾರೆ. ನಮ್ಮೂರ ಮಕ್ಕಳನ್ನೂ ಡೋಪಿಂಗ್ ಪರೀಕ್ಷೆ ಮಾಡುತ್ತಾರಾ? ನಾನೇನು ಮಾಡಲಿ?

ಉತ್ತರ: ಹೂಂ ಅನ್ನಬೇಡಿ. ಪರೀಕ್ಷೆಯ ವಿಷಯ ಹೇಳುವುದಾದರೆ, ಖೇಲೋ ಇಂಡಿಯಾ ಕೂಟಗಳಲ್ಲಿ ನಾಡಾದವರು, ಅಂದರೆ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಯವರು, ಮಕ್ಕಳ ಮೂತ್ರದ ಮಾದರಿಯನ್ನೂ ತೆಗೆದುಕೊಳ್ಳುತ್ತಾರೆ. ಆದರೆ ನನ್ನ ಚಿಂತೆ ಬೇರೆ. ಆ ಅಪ್ಪ ಡಾಕ್ಟರನ್ನು ಕೇಳಲಿಲ್ಲ, ನಿಮ್ಮನ್ನು ಕೇಳಿದರು. ಹುಡುಗನೂ ಅಷ್ಟೇ, ನೀವು ಕೊಟ್ಟರೆ ಏನು ಎತ್ತ ಎಂದು ಕೇಳದೆ ನುಂಗುತ್ತಾನೆ. ಅಪಾಯ ಇರುವುದು ಈ ನಂಬಿಕೆಯಲ್ಲೇ.

ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಚಿನ್ನ ಗೆದ್ದಾಗ ನಾವೆಲ್ಲ ಕುಣಿದಿದ್ದೆವು. ಮರುವರ್ಷವೇ ಅವರೂ ರಿಲೇ ತಂಡದ ಗೆಳತಿಯರೂ ಸ್ಟೀರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಕೋಚ್ ತರಿಸಿಕೊಟ್ಟ ಜಿನ್‌ಸೆಂಗ್ ಎಂಬ ಗಿಡಮೂಲಿಕೆಯಿಂದ ಹೀಗಾಯಿತು, ನಮಗೇನೂ ಗೊತ್ತಿರಲಿಲ್ಲ ಎಂಬುದು ಅವರ ವಾದ. ಉಕ್ರೇನಿನ ಆ ಕೋಚ್ ಕೆಲಸ ಕಳೆದುಕೊಂಡರು. ಹುಡುಗಿಯರಿಗೆ ಮೊದಲು ಒಂದು ವರ್ಷ ನಿಷೇಧ, 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಇದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾದ ನಿಯಮ ಹಾಗಿದೆ: ಮೈಯಲ್ಲಿ ಸಿಕ್ಕಿದ್ದಕ್ಕೆ ಕ್ರೀಡಾಪಟುವೇ ಹೊಣೆ. ಗೊತ್ತಿಲ್ಲದೆ ಆಯಿತೆಂದು ಸಾಬೀತಾದರೆ ಶಿಕ್ಷೆ ಕಡಿಮೆಯಾಗಬಹುದು, ಅಷ್ಟೇ. ಅಪ್ರಾಪ್ತ ಮಕ್ಕಳಿಗೆ ನಿಷೇಧಿತ ಮದ್ದು ಕೊಟ್ಟ ಕೋಚ್‌ಗೆ ಆಜೀವ ನಿಷೇಧದವರೆಗೂ ಶಿಕ್ಷೆಯಿದೆ.

ಡಬ್ಬಿಯ ಮೇಲೆ ಬರೆದದ್ದೇ ಒಳಗಿರುತ್ತದೆ ಅನ್ನುವ ಭರವಸೆ ಇಲ್ಲ. ಅದು ಮನೆಯಲ್ಲಿರುವುದೇ ಬೇಡ. ಬೆಳೆಯುವ ಹುಡುಗನಿಗೆ ಮೊಟ್ಟೆ, ಹಾಲು, ಕಾಳು, ಹೊಟ್ಟೆ ತುಂಬ ಮುದ್ದೆ, ಒಂಬತ್ತು ಗಂಟೆ ನಿದ್ದೆ ಸಾಕು. ಬೆಳೆಯುವ ವಯಸ್ಸಿನಲ್ಲಿ ಟೈಮಿಂಗ್ ಕೆಲವು ತಿಂಗಳು ನಿಲ್ಲುವುದು ಸಹಜ. ಇದನ್ನು ಅವರಪ್ಪನ ಎದುರಿಗೇ ಹುಡುಗನಿಗೆ ಹೇಳಿ. ‘ಏನಾದರೂ ತಗೋಬೇಕೇನೋ’ ಅನ್ನುವ ಯೋಚನೆ ಹುಟ್ಟುವುದೇ ಈ ನಿಂತ ತಿಂಗಳುಗಳಲ್ಲಿ. ಆಗ ಮೇಷ್ಟ್ರು ಸ್ಟಾಪ್‌ವಾಚ್ ನೋಡಿ ಮುಖ ಸಿಂಡರಿಸಿದರೂ ಸಾಕು, ಹುಡುಗ ಜಿಮ್ ಕಡೆ ತಿರುಗುತ್ತಾನೆ.

ಪೌಡರ್ ಬಿಡಿ, ನಮ್ಮೂರ ಮೆಡಿಕಲ್ ಸ್ಟೋರಿನ ಕೆಮ್ಮಿನ ಸಿರಪ್‌ನಲ್ಲೂ ಎಡವಬಹುದು. ಎಷ್ಟೋ ಸಿರಪ್‌ಗಳಲ್ಲಿ ಟರ್ಬುಟಲಿನ್ ಎಂಬ, ಉಸಿರಾಟ ಸಲೀಸು ಮಾಡುವ ಔಷಧ ಇರುತ್ತದೆ. ಅದು ಕೂಟ ಇರಲಿ ಇಲ್ಲದಿರಲಿ, ಎಲ್ಲ ಕಾಲಕ್ಕೂ ನಿಷಿದ್ಧ. ಸುಳ್ಳೂ ಇಲ್ಲ, ಮೋಸವೂ ಇಲ್ಲ, ಬರೀ ಕೆಮ್ಮು! ನಾಳೆ ಸಂಜೆ ಓಟ ಮುಗಿದ ಮೇಲೆ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಅಂಥದೊಂದು ಬಾಟಲಿಯ ಲೇಬಲ್ ಓದಿಸಿ. ಸಣ್ಣ ಅಕ್ಷರದಲ್ಲಿರುವ ಆ ಹೆಸರನ್ನು ಅವರೇ ಹುಡುಕಲಿ. ನಾಡಾದ ‘ನೋ ಯುವರ್ ಮೆಡಿಸಿನ್’ ಆ್ಯಪ್‌ನಲ್ಲಿ ಔಷಧದ ಹೆಸರು ಹಾಕಿ ನೋಡುವುದನ್ನೂ ಕಲಿಸಿ. ನಿಜವಾಗಿ ಕಾಯಿಲೆಯಾದರೆ ಡಾಕ್ಟರ ಬಳಿ ‘ನಾನು ಕ್ರೀಡಾಪಟು’ ಎಂದು ಮೊದಲೇ ಹೇಳುವ ರೂಢಿ ಮಾಡಿಸಿ.

ಇನ್ನೊಂದು ಮಾತು, ನಿಮಗೆ ಕಷ್ಟವೆನಿಸಬಹುದು. ‘ನಾನು ಕೊಟ್ಟರೂ ಇದೇನು ಸರ್ ಅಂತ ಕೇಳ್ರೋ’ ಎಂದು ಮಕ್ಕಳಿಗೆ ನೀವೇ ಹೇಳಿಕೊಡಿ. ಯಾರಾದರೂ ಹಾಗೆ ಕೇಳಿದ ದಿನ ಸಿಟ್ಟಾಗದೆ ಉತ್ತರ ಕೊಡಿ.