ಓದುಗರ ಪ್ರಶ್ನೆ: ಪ್ರೊಪಿಸ್ಕಾ ಎಂಬ ಠಸ್ಸೆ

ಪ್ರಶ್ನೆ: ಸೋವಿಯತ್ ಒಕ್ಕೂಟದಲ್ಲಿ ದೇಶದೊಳಗೇ ಪಾಸ್‌ಪೋರ್ಟ್ ಬೇಕಿತ್ತಂತೆ, ನಿಜವೆ? ಒಂದು ಪುಸ್ತಕದಿಂದ ಜನರನ್ನು ಹಿಡಿದಿಡುವುದು ಹೇಗೆ ಸಾಧ್ಯ?

ಉತ್ತರ: ನಿಜ. 1932ರ ಡಿಸೆಂಬರ್ 27ರ ಆಜ್ಞೆಯಿಂದ ಬಂದ ಪದ್ಧತಿ ಅದು. ಸಾಮೂಹಿಕ ಬೇಸಾಯ ಹೇರಿದ ಮೇಲೆ ಹಸಿದ ಹಳ್ಳಿಗರು ನಗರಗಳಿಗೆ ಗುಳೆ ಹೊರಟಿದ್ದರು. ಅವರನ್ನು ತಡೆಯಬೇಕಿತ್ತು, ನಗರದಲ್ಲಿದ್ದ 'ಬೇಡದವರನ್ನು' ಹೊರಗಟ್ಟಬೇಕಿತ್ತು. (ತ್ಸಾರ್ ಕಾಲದ ಪಾಸ್‌ಪೋರ್ಟ್ ರದ್ದಾಗಲಿ ಎಂದು ಕೂಗಿದ್ದವರೂ ಇದೇ ಬೊಲ್ಶೆವಿಕರು, ಅಂದರೆ ಆಳುತ್ತಿದ್ದ ಕಮ್ಯುನಿಸ್ಟರು!) 16 ತುಂಬಿದ ನಗರವಾಸಿಗಳಿಗೆ ಪಾಸ್‌ಪೋರ್ಟ್ ಸಿಕ್ಕಿತು. ಗುಟ್ಟೆಲ್ಲ ಇದ್ದದ್ದು ಅದರೊಳಗಿನ ಒಂದು ಠಸ್ಸೆಯಲ್ಲಿ. ನೀವು ಯಾವ ವಿಳಾಸದಲ್ಲಿ ವಾಸವಿರಬಹುದು ಎಂದು ಹೇಳುವ ಆ ಠಸ್ಸೆಯೇ ಪ್ರೊಪಿಸ್ಕಾ.

ಊರು ಬದಲಿಸುವವರು ಮೊದಲು ಹಳೆಯ ವಿಳಾಸದಿಂದ ಹೆಸರು ತೆಗೆಸಬೇಕು. ಹೊಸ ಊರಿನಲ್ಲಿ ವಸತಿ ಕಚೇರಿಗೆ ಅರ್ಜಿ, ಆ ಮನೆಯಲ್ಲಿ ಆಗಲೇ ಇರುವ ವಯಸ್ಕರ ಒಪ್ಪಿಗೆ, ತಲೆಗಿಷ್ಟು ಚದರ ಮೀಟರ್ ಎಂಬ ಲೆಕ್ಕಕ್ಕೆ ಜಾಗ ಸಾಲುತ್ತದೆಯೇ ಎಂಬ ತಪಾಸಣೆ, ಕೊನೆಗೆ ಪೊಲೀಸರ ಪಾಸ್‌ಪೋರ್ಟ್ ವಿಭಾಗದ ಠಸ್ಸೆ. ಮಾಸ್ಕೋದಂಥ ನಗರಗಳಲ್ಲಿ ಎಡವಟ್ಟಾಗುತ್ತಿದ್ದುದು ಹೀಗೆ: ಪ್ರೊಪಿಸ್ಕಾ ಇಲ್ಲದಿದ್ದರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಪ್ರೊಪಿಸ್ಕಾ ಇಲ್ಲ. ಹಾಗಾಗಿ ಠಸ್ಸೆಗೋಸ್ಕರವೇ ಕಾಗದದ ಮದುವೆಗಳಾದವು. ಕಾರ್ಖಾನೆಗಳಿಗೆ ಆಳು ಸಾಲದಾದಾಗ ಹೊರಗಿನವರನ್ನು ಇಂತಿಷ್ಟು ಎಂದು ಮಿತಿ ಹಾಕಿ ಕರೆಸುತ್ತಿದ್ದರು. ಅವರಿಗೆ 'ಲಿಮಿತ್‌ಚಿಕ್' ಎಂಬ ಅಡ್ಡಹೆಸರು. ಹಾಸ್ಟೆಲ್ಲಿನ ಮಂಚ, ತಾತ್ಕಾಲಿಕ ಠಸ್ಸೆ. ಕೆಲಸ ಬಿಟ್ಟರೆ ಎರಡೂ ಹೋಯಿತು. ಇಂಥವನು ಮೇಸ್ತ್ರಿಗೆ ಎದುರು ಮಾತಾಡುವುದುಂಟೆ? ಜೈಲಿನಿಂದ ಬಿಟ್ಟು ಬಂದ ಅನೇಕರಿಗಂತೂ ದೊಡ್ಡ ನಗರಗಳ ಸುತ್ತ 100 ಕಿ.ಮೀ. ಒಳಗೆ ವಾಸ ನಿಷಿದ್ಧ. '101ನೇ ಕಿಲೋಮೀಟರ್' ಎಂಬ ಮಾತು ಹುಟ್ಟಿದ್ದು ಅದರಿಂದಲೇ.

ಪ್ರಶ್ನೆ: ಹಳ್ಳಿಯವರ ಪಾಡೇನು?

ಉತ್ತರ: ಸಾಮೂಹಿಕ ಜಮೀನಿನ ರೈತರಲ್ಲಿ ಹೆಚ್ಚಿನವರಿಗೆ ಪಾಸ್‌ಪೋರ್ಟನ್ನೇ ಕೊಡಲಿಲ್ಲ. ಕೆಲ ದಿನಗಳ ಮಟ್ಟಿಗೆ ಹೊರಗೆ ಹೋಗಲೂ ಗ್ರಾಮ ಸೋವಿಯತ್ತಿನ (ಹಳ್ಳಿಯ ಆಡಳಿತ ಮಂಡಳಿಯ) ಚೀಟಿ ಬೇಕು. ಹುಡುಗರಿಗೆ ಸೇನೆಯೇ ಬಾಗಿಲು: ಸೇವೆ ಮುಗಿಸಿ ಊರಿಗೆ ಮರಳದೆ ನೇರ ಕಾರ್ಖಾನೆ ಸೇರುತ್ತಿದ್ದರು. ಹುಡುಗಿಯರಿಗೆ ಓದು ಅಥವಾ ಮದುವೆ. ಎಲ್ಲರಿಗೂ ಪಾಸ್‌ಪೋರ್ಟ್ ಎಂದು ನಿರ್ಣಯವಾದದ್ದು 1974ರಲ್ಲಿ, ಹಂಚಿಕೆ ಶುರುವಾದದ್ದು 1976ರಲ್ಲಿ.

ಪ್ರಶ್ನೆ: 'ಐದನೇ ಕಲಂ' ಎಂದರೆ?

ಉತ್ತರ: ನೌಕರಿ ಅರ್ಜಿಯಲ್ಲಿ ಜನಾಂಗ ಬರೆಯುವ ಕಲಂ. ಪಾಸ್‌ಪೋರ್ಟಿನಲ್ಲೂ ಅದೇ ನಮೂದು ಇರುತ್ತಿತ್ತು. ತಂದೆತಾಯಿ ಬೇರೆ ಬೇರೆ ಜನಾಂಗದವರಾದರೆ 16ನೇ ವಯಸ್ಸಿನಲ್ಲಿ ಇಬ್ಬರಲ್ಲಿ ಒಬ್ಬರದನ್ನು ಆರಿಸಿಕೊಳ್ಳಬಹುದಿತ್ತು, ಮತ್ತೆ ಬದಲಿಸುವಂತಿಲ್ಲ. 'ಯಹೂದಿ' ಎಂದು ಬರೆಸಿದವರಿಗೆ ಹೆಸರಾಂತ ವಿಶ್ವವಿದ್ಯಾಲಯಗಳ ಪ್ರವೇಶ ಕಷ್ಟವಾಗುತ್ತಿತ್ತು. ರಷ್ಯಾದ ಪಾಸ್‌ಪೋರ್ಟಿನಿಂದ ಆ ನಮೂದು ಹೋದದ್ದು 1997ರಲ್ಲಿ.