ಗ್ಲಿಂಕಾನ ‘ತಾರಾಂಟೆಲ್ಲಾ’ದಲ್ಲಿ ರಷ್ಯಾದ್ದು ಯಾವುದು, ಇಟಲಿಯದ್ದು ಯಾವುದು? ನುಡಿಸುವಾಗ ಓಟ ಯಾಕೆ ಸಿಗುವುದಿಲ್ಲ?

ರಾಗ ರಷ್ಯಾದ್ದು, ನಡೆ ಇಟಲಿಯದ್ದು. 1830ರಿಂದ ಸುಮಾರು ಮೂರು ವರ್ಷ ಇಟಲಿಯಲ್ಲಿದ್ದ ರಷ್ಯಾದ ಸಂಗೀತ ರಚನಕಾರ ಮಿಖಾಯಿಲ್ ಗ್ಲಿಂಕಾ 1843ರಲ್ಲಿ ಪಿಯಾನೋಗೆ ಈ ಪುಟ್ಟ ಕೃತಿ ಬರೆದ. ಆಧಾರ, ‘ಹೊಲದಲ್ಲೊಂದು ಬರ್ಚ್ ಮರ ನಿಂತಿತ್ತು’ ಎಂಬ ಜನಪದ ಹಾಡು. ರಷ್ಯಾದ ಮತ್ತೊಬ್ಬ ರಚನಕಾರ ಚೈಕೋವ್ಸ್ಕಿಯ ನಾಲ್ಕನೇ ಸಿಂಫೊನಿಯ ಕೊನೆಯ ಭಾಗದಲ್ಲಿ ಬರುವುದೂ ಇದೇ ಹಾಡು.

ಹಾಡಿನ ಮೊದಲ ಸಾಲು ಪಂಚಮದಿಂದ ಷಡ್ಜಕ್ಕೆ ಮೆಟ್ಟಿಲಿಳಿದಂತೆ ಬರುತ್ತದೆ: ಪ ಪ ಪ ಪ, ಮ ಗ ಗ, ರಿ ಸ. ಗಾಂಧಾರ ಸಾಧಾರಣ, ಅಂದರೆ ಮೈನರ್. ಮೂಲ ಹಾಡಿನದು ಎರಡೆಣಿಕೆಯ ನಡೆ. ತಾರಾಂಟೆಲ್ಲಾ ದಕ್ಷಿಣ ಇಟಲಿಯ ಚುರುಕು ಕುಣಿತ. ಅದರ ತಾಳ ಸಾಮಾನ್ಯವಾಗಿ 6/8. ಪೆಟ್ಟು ಎರಡೇ, ಆದರೆ ಪ್ರತಿ ಪೆಟ್ಟಿನೊಳಗೆ ಮೂರು ಸ್ವರ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ‘ತಕಿಟ ತಕಿಟ’. ಚತುರಶ್ರದ (ನಾಲ್ಕರ ನಡೆಯ) ಹಾಡನ್ನು ತಿಶ್ರಕ್ಕೆ (ಮೂರರ ನಡೆಗೆ) ಹಾಕಿದ ಹಾಗೆ.

ಓಟ ತಪ್ಪುವುದು ಬೆರಳಿನಿಂದಲ್ಲ, ಎಣಿಕೆಯಿಂದ. ಒಂದರಿಂದ ಆರರವರೆಗೆ ಎಣಿಸಿದರೆ ಆರೂ ಸ್ವರಕ್ಕೆ ಒತ್ತು ಬಿದ್ದು ಕುಣಿತ ಸತ್ತುಹೋಗುತ್ತದೆ. ಎರಡೇ ಎಣಿಸಿ. ಮೆಟ್ರೊನೋಮನ್ನು (ಟಿಕ್ ಟಿಕ್ ಎಂದು ಲಯ ತೋರಿಸುವ ಯಂತ್ರ) ನಿಮಿಷಕ್ಕೆ 60 ಪೆಟ್ಟು ಬರುವಂತೆ ಇಟ್ಟು, ಮೊದಲು ಎಡಗೈ ಮಾತ್ರ: ಒಂದನೇ, ನಾಲ್ಕನೇ ಸ್ವರಕ್ಕೆ ಭಾರ, ಉಳಿದವು ಹಗುರ. ಮಣಿಕಟ್ಟು ಬಿಗಿಯದಿದ್ದರೆ ನಿಮಿಷಕ್ಕೆ ನಾಲ್ಕು ನಾಲ್ಕು ಪೆಟ್ಟು ಹೆಚ್ಚಿಸುತ್ತಾ ವೇಗ ಏರಿಸಿ. ಪೆಡಲ್ ಪೂರ್ತಿ ಒತ್ತಿಹಿಡಿದರೆ ಪಕ್ಕಪಕ್ಕದ ಸ್ವರಗಳು ಕಲಸಿಹೋಗುತ್ತವೆ. ಪೆಟ್ಟಿಗೊಮ್ಮೆ ಮುಟ್ಟಿ ಬಿಟ್ಟರೆ ಸಾಕು. ಸಾಲಿನ ಕೊನೆಯ ಷಡ್ಜವನ್ನು ಮಾತ್ರ ಅವಸರದಲ್ಲಿ ನುಂಗಬೇಡಿ. ಹೆಚ್ಚಿನವರು ಎಡವುವುದು ಅಲ್ಲೇ.