ಅಜ್ಜನ ಕಾಲದ 12 ಬೋರ್ ಬಂದೂಕಿಗೆ 70 ಮಿ.ಮೀ. ತೋಟಾ ಹಾಕಬಹುದಾ?

ನಿಮ್ಮ ಪ್ರಶ್ನೆ ಓದಿದೆ. ಅಜ್ಜನ ಹೆಸರಲ್ಲಿದ್ದ ಇಂಗ್ಲೆಂಡಿನ ಜೋಡಿ ನಳಿಗೆ ಬಂದೂಕು ಈಗ ನಿಮ್ಮ ಲೈಸನ್ಸಿಗೆ ಬಂದಿದೆ, ಅಂಗಡಿಯಲ್ಲಿ ಸಿಕ್ಕಿದ್ದು 70 ಮಿ.ಮೀ. ತೋಟಾ, ಹಾಕಿ ನೋಡಿದರೆ ಸಲೀಸಾಗಿ ಒಳಗೆ ಕೂರುತ್ತದೆ, ಬಂದೂಕೂ ಮುಚ್ಚುತ್ತದೆ, ಹಾಗಾದರೆ ಹೊಡೆಯಬಹುದಲ್ವಾ ಅಂತ ಕೇಳಿದ್ದೀರಿ. ಅಮೆರಿಕದಲ್ಲಿರುವ ನಿಮ್ಮ ಚಿಕ್ಕಪ್ಪನ ಮಗ ಹಳೇ ರೈಫಲ್ಲಿಗೆ ಕೇಸ್ (ತೋಟಾದ ಹೊರ ಚಿಪ್ಪು) ಕತ್ತರಿಸಿ ತಾನೇ ತೋಟಾ ತುಂಬಿಕೊಳ್ಳುತ್ತಾನೆ, ನಾವೂ 5 ಮಿ.ಮೀ. ಕತ್ತರಿಸಿದರೆ ಆಗುತ್ತಾ ಅಂತಲೂ ಕೇಳಿದ್ದೀರಿ.

ಎರಡೂ ಬೇಡ. ಚೇಂಬರ್, ಅಂದರೆ ನಳಿಗೆಯ ಹಿಂದಿನ ತುದಿಯಲ್ಲಿ ತೋಟಾ ಕೂರುವ ಜಾಗ, ಅದರ ಅಳತೆ ಮಾಡಿಸುವವರೆಗೆ ಒಂದು ಈಡನ್ನೂ ಹಾರಿಸಬೇಡಿ.

ನಾನು ದಾವಣಗೆರೆಯಲ್ಲಿ ಲೇತ್ ಕೆಲಸ ಮಾಡುವವನು. ಕೆಲಸ ಕಲಿತದ್ದೇ ಹರಿಹರದಲ್ಲಿ ತಯಾರಾದ ಮೈಸೂರು ಕಿರ್ಲೋಸ್ಕರ್ ಲೇತ್ ಮೇಲೆ. ನಮ್ಮ ಸೋದರಮಾವನ ಹೊಲ ಜಗಳೂರು ಕಡೆ ಇದೆ. ಮೆಕ್ಕೆಜೋಳ ತೆನೆ ಕಟ್ಟುವ ಹೊತ್ತಿಗೆ ಹಂದಿ ಕಾಟ ಶುರು. ರಾತ್ರಿ ಕಾವಲಿಗೆ ಹೋದಾಗ ಗಾಳಿಯಲ್ಲಿ ಒಂದು ಈಡು ಹಾರಿಸಿ ಓಡಿಸಲಿಕ್ಕೆ ಅಂತ ಬೆಳೆ ರಕ್ಷಣೆಯ ಲೈಸನ್ಸಿನಲ್ಲಿ ಒಂದು ಹಳೇ ಬಂದೂಕು ಇಟ್ಟುಕೊಂಡಿದ್ದಾರೆ. ಅವರೂ ನಿಮ್ಮ ಹಾಗೆಯೇ "ಕೂರುತ್ತದಲ್ಲ" ಅಂತ 70ರ ತೋಟಾ ಹೊಡೆದರು. ಒಂದೆರಡು ವರ್ಷ ಏನೂ ಆಗಲಿಲ್ಲ. ಆಮೇಲೆ ಒಂದು ದಿನ ಭುಜ ನೀಲಿಗಟ್ಟಿತ್ತು. ಬಂದೂಕು ಮುಚ್ಚಿ ಹಿಡಿದು ಅಲ್ಲಾಡಿಸಿದರೆ ನಳಿಗೆ ಕೀಲಿನ ಹತ್ತಿರ ಕಟಕಟ ಅನ್ನುತ್ತಿತ್ತು. ಖಾಲಿ ಕೇಸ್ ತರಿಸಿ ನೋಡಿದೆ. ಅದರ ಬಾಯಿ ಅಂಚು ದುಂಡಗೆ, ನೀಟಾಗಿ ಇರಬೇಕಿತ್ತು. ಆದರೆ ಹಳೇ ಪೊರಕೆಯ ತುದಿ ಥರ ಎಳೆಎಳೆಯಾಗಿ ಕಿತ್ತು ಬಂದಿತ್ತು, ಒಂದು ಕಡೆ ಪ್ಲಾಸ್ಟಿಕ್ ಕರಗಿ ತೆಳ್ಳಗಾಗಿತ್ತು. ಆಗಲೇ ವಿಷಯ ಅರ್ಥವಾಯಿತು.

ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ಬಾಕ್ಸ್ ಮೇಲೆ 70 ಅಂತ ಬರೆದಿರುವುದು ತುಂಬಿದ ತೋಟಾದ ಉದ್ದ ಅಲ್ಲ, ಹೊಡೆದ ಮೇಲೆ ಬಾಯಿ ಪೂರ್ತಿ ಬಿಚ್ಚಿಕೊಂಡಾಗ ಕೇಸ್ ಎಷ್ಟು ಉದ್ದ ಇರುತ್ತದೋ ಅದು. ಹೊಸ ತೋಟಾದ ತುದಿ ಒಳಕ್ಕೆ ಮಡಚಿರುತ್ತದಲ್ಲ, ಆರು ಅಥವಾ ಎಂಟು ಮಡಿಕೆ? ಹಾಗೆ ಮಡಚಿದಾಗ ವರ್ನಿಯರ್ ಹಿಡಿದರೆ 60ರ ಆಸುಪಾಸು ತೋರಿಸುತ್ತದೆ. ಹಳೇ ಇಂಗ್ಲಿಷ್ ಬಂದೂಕುಗಳ ಚೇಂಬರ್ ಬಹುಪಾಲು ಎರಡೂವರೆ ಇಂಚು, ನಾವು 65 ಅಂತ ಕರೆಯುವುದು ಅದನ್ನೇ. ಹಾಗಾಗಿ 60 ಇರುವ ತೋಟಾ ಅದರೊಳಗೆ ಸುಮ್ನೆ ಜಾರಿ ಕೂರುತ್ತದೆ. ಕೂತದ್ದು ಏನನ್ನೂ ಹೇಳುವುದಿಲ್ಲ.

ಕುದುರೆ (ಟ್ರಿಗರ್) ಎಳೆದ ಮೇಲಿನ ಕಥೆ ಬೇರೆ. 12 ಬೋರಿನ ಚೇಂಬರ್ ಮುಂದಿನ ತುದಿಯಲ್ಲಿ ಸುಮಾರು 20.3 ಮಿ.ಮೀ. ಅಗಲ ಇರುತ್ತದೆ, ನಳಿಗೆ ಒಳಗೆ 18.5ರ ಹತ್ತಿರ. ನಡುವೆ ಕೊಳವೆ ಲಾಳಿಕೆಯ ಥರ ಕಿರಿದಾಗುತ್ತಾ ಹೋಗುತ್ತದೆ. 65ರ ಕೇಸ್ ಆದರೆ ಅದರ ಬಾಯಿ ಲಾಳಿಕೆ ಶುರುವಾಗುವುದಕ್ಕೆ ಮೊದಲೇ ಬಿಚ್ಚಿಕೊಂಡು ಗೋಡೆಗೆ ಅಂಟಿಕೊಳ್ಳುತ್ತದೆ, ಚರೆ, ಅಂದರೆ ಒಳಗಿರುವ ಸಣ್ಣ ಗುಂಡುಗಳು, ಆರಾಮಾಗಿ ಮುಂದೆ ಹೋಗುತ್ತದೆ. 70ರದ್ದಾದರೆ ಮಡಿಕೆ ಬಿಚ್ಚುವುದು ಲಾಳಿಕೆಯೊಳಗೆ. ಅಲ್ಲಿ ಪೂರ್ತಿ ಅರಳಲು ಜಾಗವಿಲ್ಲ, ಕೇಸಿನ ದಪ್ಪವೇ ದಾರಿಗೆ ಅಡ್ಡ ನಿಲ್ಲುತ್ತದೆ, ಚರೆಯೂ, ಚರೆಗೂ ಮದ್ದಿಗೂ ನಡುವಿನ ಬಿರಡೆಯಾದ ವ್ಯಾಡೂ ಆ ಇಕ್ಕಟ್ಟಿನಲ್ಲೇ ನುಗ್ಗಬೇಕು, ಹಿಂದೆ ಮದ್ದು ಉರಿಯುತ್ತಲೇ ಇರುತ್ತದೆ, ಒತ್ತಡ ಏರುತ್ತದೆ. ಅದರ ಮೇಲೆ 70ರ ತೋಟಾದಲ್ಲಿ ಸಾಮಾನ್ಯವಾಗಿ ಚರೆಯೂ ಜಾಸ್ತಿ. ನಿಮ್ಮ ಬಂದೂಕು ತಯಾರಾದಾಗ ತಡೆಯುತ್ತದಾ ಅಂತ ಪರೀಕ್ಷೆ ಮಾಡಿದ್ದು ಅಷ್ಟು ಹೊರೆಗಲ್ಲ.

ಅದಕ್ಕೇ ಕತ್ತರಿಸುವ ಉಪಾಯವೂ ಆಗುವುದಿಲ್ಲ. ಉದ್ದ ತೆಗೆದರೆ ಒಳಗಿನ ಮದ್ದು, ಚರೆ ಕಡಿಮೆಯಾಗುತ್ತದೆಯೇ? ಮಡಿಕೆಗೆ ಜಾಗವೂ ಉಳಿಯುವುದಿಲ್ಲ. ಇನ್ನು ಮನೆಯಲ್ಲಿ ತುಂಬುವ ಮಾತು. 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ತೋಟಾ ತಯಾರಿಕೆಗೆ ಬೇರೆಯದೇ ಲೈಸನ್ಸ್ ಬೇಕು. ನಿಮ್ಮ ಕೈಯಲ್ಲಿರುವುದು ಬಂದೂಕು ಇಟ್ಟುಕೊಳ್ಳುವ ಲೈಸನ್ಸ್. ದಯವಿಟ್ಟು ಆ ಕಡೆ ಹೋಗಬೇಡಿ.

ಅಮೆರಿಕದಲ್ಲಿರುವ ನಿಮ್ಮ ಚಿಕ್ಕಪ್ಪನ ಮಗ ಮಾಡುವುದು ಬೇರೆ ಕೆಲಸ. ರೈಫಲ್ಲಿನ ಹಿತ್ತಾಳೆ ಕೇಸ್ ಪ್ರತಿ ಸಲ ಹೊಡೆದು, ಅಚ್ಚಿಗೆ ಹಾಕಿ ಸರಿಮಾಡಿದಾಗ ಸ್ವಲ್ಪ ಸ್ವಲ್ಪ ಮುಂದಕ್ಕೆ ಬೆಳೆಯುತ್ತದೆ. ಉದಾಹರಣೆಗೆ ನಮ್ಮಲ್ಲೂ ಹೆಸರು ಕೇಳಿರುವ .303. ಅದರ ಕೇಸ್ 56.44 ಮಿ.ಮೀ. ದಾಟಬಾರದು. ದಾಟಿದರೆ ಕುತ್ತಿಗೆ ಚೇಂಬರಿನ ಕೊನೆಯ ಮೆಟ್ಟಿಲಿಗೆ ಒತ್ತಿಕೊಂಡು ಗುಂಡನ್ನೇ ಬಿಗಿಯಾಗಿ ಹಿಡಿದುಬಿಡುತ್ತದೆ, ಬಿಡಬೇಕಾದ ಹೊತ್ತಿಗೆ ಬಿಡುವುದಿಲ್ಲ, ಒತ್ತಡ ನೆಗೆಯುತ್ತದೆ. ಅದಕ್ಕೆ ಅವನು ಬೆಳೆದಷ್ಟನ್ನು ಮಾತ್ರ ಸವರುತ್ತಾನೆ, ಮಿಲಿಮೀಟರಿನ ಕಾಲು ಭಾಗವೋ ಏನೋ. ಅಳತೆಗೆ ವಾಪಸ್ ತರುವುದು ಅದು. ದೊಡ್ಡ ತೋಟಾವನ್ನು ಚಿಕ್ಕದು ಮಾಡುವುದಲ್ಲ. ತೊಂದರೆಯ ಮೂಲ ಮಾತ್ರ ನಿಮ್ಮದೂ ಅವನದೂ ಒಂದೇ: ಕೇಸಿನ ಬಾಯಿ ತನಗಲ್ಲದ ಜಾಗಕ್ಕೆ ನುಗ್ಗುವುದು.

ಈಗ ನೀವು ಮಾಡಬೇಕಾದದ್ದು. ತೋಟಾ ಇಲ್ಲವೆಂದು ಎರಡು ಸಲ ನೋಡಿ, ಬಂದೂಕು ಬಿಚ್ಚಿ ನಳಿಗೆಯನ್ನು ಬೇರೆ ಮಾಡಿ. ತಿರುಗಿಸಿ ಹಿಡಿದರೆ ಕೆಳಗೆ, ಕೀಲಿನ ಪಕ್ಕ, ಚಪ್ಪಟೆ ಜಾಗದಲ್ಲಿ ಮುದ್ರೆಗಳಿರುತ್ತವೆ. ಎಣ್ಣೆ ಜಿಡ್ಡು ಕೂತಿರುತ್ತದೆ, ಬಟ್ಟೆಗೆ ಸೀಮೆಎಣ್ಣೆ ಹಚ್ಚಿ ಒರೆಸಿ. 1925ರ ನಂತರ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮಿನಲ್ಲಿ ಪರೀಕ್ಷೆಯಾದದ್ದಾದರೆ ಚೇಂಬರ್ ಉದ್ದ ಅಲ್ಲೇ ಹೊಡೆದಿರುತ್ತಾರೆ, ಎರಡೂವರೆ ಅಥವಾ ಎರಡೂಮುಕ್ಕಾಲು ಅಂತ. ಎರಡೂಮುಕ್ಕಾಲು ಅಂದರೆ 70. ನೈಟ್ರೋ ಪ್ರೂಫ್, ಅಂದರೆ ಈಗಿನ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾಗಿದೆ ಅನ್ನುವ ಗುರುತು ಇದೆಯಾ ನೋಡಿ. ಇಲ್ಲದಿದ್ದರೆ, ಅಥವಾ ನಳಿಗೆಯ ಮೇಲೆ ಹಾವಿನ ಚರ್ಮದ ಥರ ಸುರುಳಿ ಗೆರೆಗಳು ಕಂಡರೆ, ಅದು ಕರಿಮದ್ದಿನ ಕಾಲದ್ದಿರಬಹುದು. ಲೈಸನ್ಸ್ ಇರುವ ಬಂದೂಕು ರಿಪೇರಿಯವರು ನೋಡುವವರೆಗೆ ಈಗಿನ ಯಾವ ತೋಟಾವನ್ನೂ ಅದಕ್ಕೆ ಹಾಕಬೇಡಿ.

ಮುದ್ರೆ ಇದ್ದರೂ ಒಮ್ಮೆ ಅಳೆಸಿ. ನಡುವೆ ಯಾರಾದರೂ ಚೇಂಬರ್ ಕೊರೆದಿರಬಹುದು. ನಮ್ಮ ಮಾವನಿಗೆ ನಾನು ಹಿತ್ತಾಳೆ ರಾಡಿನಲ್ಲಿ ಒಂದು ಗೇಜ್ ತಿರುವಿ ಕೊಟ್ಟೆ. ಮುಂದಿನ ತುದಿ 20.27 ಮಿ.ಮೀ., ಅಂಚು ಚೂಪಾಗಿ, ಹಿಂದೆ ಸಣ್ಣ ಕಾಂಡ, ಅದರ ಮೇಲೆ 65ಕ್ಕೂ 70ಕ್ಕೂ ಒಂದೊಂದು ಗೆರೆ. ಮೆಲ್ಲಗೆ ಒಳಗೆ ಬಿಟ್ಟರೆ ಲಾಳಿಕೆ ಶುರುವಾಗುವ ಕಡೆ ನಿಲ್ಲುತ್ತದೆ. 65ರ ಗೆರೆ ನಳಿಗೆಯ ಹಿಂದಿನ ಅಂಚಿಗೆ ಸರಿಯಾಗಿ ನಿಂತದ್ದನ್ನು ನೋಡಿ ಮಾವ ಬಹಳ ಹೊತ್ತು ಮಾತಾಡಲಿಲ್ಲ.

"ಚೇಂಬರನ್ನೇ 70ಕ್ಕೆ ಕೊರೆಸಿಬಿಡಿ" ಅನ್ನುವವರೂ ಸಿಗುತ್ತಾರೆ. ನಾನು ಲೋಹ ಕೊರೆದೇ ಊಟ ಮಾಡುವವನು, ನನಗೆ ಅದು ಒಪ್ಪಿಗೆ ಇಲ್ಲ. ಒತ್ತಡ ಜಾಸ್ತಿ ಇರುವ ಜಾಗದಲ್ಲೇ ಗೋಡೆ ತೆಳುವಾಗುತ್ತದೆ, ಹಳೇ ಪರೀಕ್ಷೆಯ ಮುದ್ರೆಗೂ ಅರ್ಥ ಉಳಿಯುವುದಿಲ್ಲ.

ನಿಮ್ಮದು 65 ಅಂತ ಆದರೆ 65ರ ತೋಟಾ ಹುಡುಕಿ. ಸ್ವಲ್ಪ ಓಡಾಟ ಆಗಬಹುದು, ಆಗಲಿ. ಉಲ್ಟಾ, 70ರ ಚೇಂಬರಿಗೆ 65 ಹಾಕಿದರೆ ಅಪಾಯವಿಲ್ಲ. ಈಗ ತಂದಿರುವ 70ರ ಬಾಕ್ಸನ್ನು ಪಕ್ಕದ ಹೊಲದವರಿಗೆ ಕೊಟ್ಟುಬಿಡಬೇಡಿ, ಅದೂ ಕಾನೂನಿಗೆ ವಿರುದ್ಧ. ಲೈಸನ್ಸ್ ಪುಸ್ತಕ ಹಿಡಿದು, ತಂದ ಅಂಗಡಿಗೇ ಹೋಗಿ, ವಾಪಸ್ ತೆಗೆದುಕೊಳ್ಳುತ್ತಾರಾ ಕೇಳಿ, ತೆಗೆದುಕೊಂಡರೆ ಪುಸ್ತಕದಲ್ಲಿ ಬರೆಸಿಕೊಂಡೇ ಬನ್ನಿ. ಮುದ್ರೆಗಳ ಫೋಟೋ ಹಾಕಿದರೆ ಓದಿ ಹೇಳುತ್ತೇನೆ. ಬಂದೂಕಿನ ನಂಬರ್ ಮಾತ್ರ ಕಾಣದ ಹಾಗೆ ಮುಚ್ಚಿ ತೆಗೆಯಿರಿ.